ಲಕ್ಕಮ್ಮನ ಅಳತೆ ಮತ್ತು ಇಳಕಲ್ಲಿನ ಮಗ್ಗ



12ನೆಯ ಶತಮಾನದ ಶರಣ ಸಂಕುಲದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಕೇಳದ ಭಕ್ತರಿಲ್ಲ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ ಅಕ್ಕಿ ಆಯುವುದು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಮಾರಯ್ಯ ಆಯ್ದು ತರುವನು. ಲಕ್ಕಮ್ಮ ಅದನ್ನು ಅಟ್ಟು ಜಂಗಮಕ್ಕೆ ನೀಡಿ, ಉಳಿದುದನ್ನು ಇಬ್ಬರೂ ಪ್ರಸಾದವಾಗಿ ಸ್ವೀಕರಿಸುವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದನು. ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸಿಕೊಳ್ಳಲಿಲ್ಲ. ದಿನದ ಕಾಯಕಕ್ಕೆ ಸಲ್ಲತಕ್ಕುದಕ್ಕಿಂತ ಇದು ಮಿಗಿಲಾಯಿತೆಂದೂ ಮಿಕ್ಕುದನ್ನು ಮರಳಿಸಿ ಬರಬೇಕೆಂದೂ ಹೇಳಿ ಗಂಡನನ್ನು ಹಿಂದಕ್ಕೆ ಕಳುಹಿದಳು. ಮಾರಯ್ಯನು ಹಾಗೆಯೇ ಮಾಡಿದನು.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಸಾಮಾನ್ಯವಾಗಿ ನಿರಾಸೆಯ, ಅಂದರೆ ಆಸೆಯಿಲ್ಲದಿರುವಿಕೆಯ ನಿದರ್ಶನವೆಂದು ವಿವರಿಸುತ್ತಾರೆ. ಅದು ಸರಿಯೇ. ಆದರೆ ಅಷ್ಟಕ್ಕೆ ನಿಲ್ಲಿಸಿದರೆ ಲಕ್ಕಮ್ಮನ ಮಾತಿನ ಅರ್ಧ ಭಾಗ ಕಳೆದುಹೋಗುತ್ತದೆ. ಅಂಗಳಕ್ಕೆ ಹೋಗಿ ಅಕ್ಕಿ ಆಯ್ದವನು ಮಾರಯ್ಯ. ಎಷ್ಟು ತಂದರೆ ನ್ಯಾಯ, ಎಷ್ಟು ತಂದರೆ ಅನ್ಯಾಯ ಎಂಬ ಅಳತೆ ಇದ್ದುದು ಲಕ್ಕಮ್ಮನ ಕೈಯಲ್ಲಿ. ಗಳಿಕೆಯನ್ನು ಅಳೆಯುವ ಅಧಿಕಾರ ಆ ಮನೆಯಲ್ಲಿ ಹೆಣ್ಣಿಗಿತ್ತು, ಆಕೆಯ ತೀರ್ಪನ್ನು ಗಂಡು ಶಿರಸಾವಹಿಸಿದನು. ಕಾಯಕವನ್ನು ಕೈಲಾಸದ ಸ್ಥಾನಕ್ಕೆ ಏರಿಸಿದ ಪ್ರಸಿದ್ಧವಾದ ಮಾತು ಬಸವಣ್ಣನವರದೆಂದು ಸಭೆಗಳಲ್ಲಿ ಹೇಳುವ ರೂಢಿಯುಂಟು. ಅದು ವಾಸ್ತವವಾಗಿ ಈ ಮಾರಯ್ಯನ ವಚನದಿಂದ ಬಂದುದು. ಆ ಮಾತನ್ನು ಆಡಿದವನ ಮನೆಯಲ್ಲೇ ಅಳತೆಯ ಮಾತೂ ಹುಟ್ಟಿತೆಂಬುದು ಗಮನಾರ್ಹ. ದುಡಿಮೆಯ ಮಹಿಮೆ, ದುಡಿದುದರ ನ್ಯಾಯವಾದ ಅಳತೆ, ಅಳತೆಯಾದುದರ ಹಂಚಿಕೆ, ಇವು ಮೂರೂ ಸೇರಿದಾಗ ಮಾತ್ರ ಶರಣರ ಕಾಯಕ ತತ್ತ್ವ ಪೂರ್ಣವಾಗುತ್ತದೆ. ನಂತರದ ಕಾಲದವರು ಮೊದಲನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡರು, ಮೂರನೆಯದನ್ನು ದಾಸೋಹದ ಪಂಕ್ತಿಯಲ್ಲಿ ಉಳಿಸಿಕೊಂಡರು, ನಡುವಿನದನ್ನು ಬಹುಮಟ್ಟಿಗೆ ಮರೆತರು.

ಮರೆತುದರಿಂದ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮರೇಶ್ವರದ ನೆರೆಯ ಸೀಮೆಯಲ್ಲೇ ಒಂದು ಊರಿದೆ. ಅದು ಇಳಕಲ್.

ಬಾಗಲಕೋಟೆ ಜಿಲ್ಲೆಯ ಇಳಕಲ್ ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ ಊರು. ತಾನೇ ತಾಲ್ಲೂಕು ಕೇಂದ್ರವಾದುದು 2018ರಲ್ಲಿ. ಬಸವಣ್ಣನವರು ವಿದ್ಯೆ ಕಲಿತ, ಕೊನೆಗೆ ಐಕ್ಯರಾದ ಕೂಡಲಸಂಗಮ ಇದೇ ಹುನಗುಂದದ ನೆಲದಲ್ಲಿದೆ. ಐಹೊಳೆಯೂ ಇದೇ ನೆಲದ್ದು. ಐಹೊಳೆಯೆಂದರೆ ಇಂದು ದೇವಾಲಯಗಳ ತೊಟ್ಟಿಲೆಂದು ಪ್ರವಾಸಿಗಳು ಬರುತ್ತಾರೆ, ಆದರೆ ಒಂದು ಕಾಲಕ್ಕೆ ಆ ಊರಿನ ಹೆಸರು ವ್ಯಾಪಾರದ ಹೆಸರಾಗಿತ್ತು. ಅಯ್ಯಾವೊಳೆ ಐನೂರ್ವರೆಂಬ ವಣಿಕ ಸಂಘ ದಕ್ಷಿಣ ಭಾರತದುದ್ದಕ್ಕೂ ವ್ಯಾಪಾರ ನಡೆಸಿತು. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿ ಸಿಕ್ಕಿದ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ಬಸವಣ್ಣನವರು ಹುಟ್ಟುವ ಮೊದಲೇ ಈ ಸೀಮೆ ಮಾರುಕಟ್ಟೆಯನ್ನು ಬಲ್ಲ ಸೀಮೆಯಾಗಿತ್ತು. ಶರಣರು ಕಾಯಕದ ಮಾತನ್ನು ಆಡಿದ್ದು ಸಂತೆ, ಸುಂಕ, ಬಡ್ಡಿ, ತೂಕಗಳನ್ನು ಅರಿಯದ ಕಾಡಿನಲ್ಲಿ ಕುಳಿತಲ್ಲ. ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಲೆಕ್ಕ ಬಲ್ಲವರ ಬಾಯಿಂದ ಬಂದ ಮಾತೆಂದೇ ಅದಕ್ಕೆ ತೂಕ ಹೆಚ್ಚು.

ನೂಲು ಮತ್ತು ಬಟ್ಟೆಯ ಕಾಯಕಕ್ಕೆ ಶರಣ ಸಾಹಿತ್ಯದಲ್ಲಿ ವಿಶೇಷ ಸ್ಥಾನವಿದೆ. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯ ಬಸವಣ್ಣನವರಿಗಿಂತ ಹಿಂದಿನವನು, ರಾಮನಾಥನ ಅಂಕಿತದಲ್ಲಿ ವಚನ ಬರೆದವನು, ವೃತ್ತಿಯಿಂದ ನೇಕಾರ. ಆತ ನೇಯ್ದ ಬಟ್ಟೆಯನ್ನು ಜಂಗಮ ರೂಪದಲ್ಲಿ ಬಂದ ಶಿವನು ಬೇಡಿ ಪಡೆದು ಹರಿದು ಹಾಕಿದರೂ ಮುನಿಯದೆ ನಿಂತನೆಂದೂ, ಮೆಚ್ಚಿದ ಶಿವನು ತವನಿಧಿಯನ್ನು ಕರುಣಿಸಿದನೆಂದೂ ಪುರಾಣ ಹೇಳುತ್ತದೆ. (ಜೇಡರ ದಾಸಿಮಯ್ಯನೂ ದೇವರ ದಾಸಿಮಯ್ಯನೂ ಒಬ್ಬರೇ, ಇಬ್ಬರೇ ಎಂಬ ವಿದ್ವಾಂಸರ ವಾದ ಬೇರೆ. ಮಗ್ಗದ ಮುಂದೆ ಕುಳಿತವರಿಗೆ ಇಬ್ಬರೂ ನಮ್ಮವರೇ.) ಕದಿರೆ ರೆಮ್ಮವ್ವೆಯ ಕಾಯಕ ನೂಲುವುದು. ಆಕೆ ತನ್ನ ರಾಟೆಯ ಅಡಿಹಲಗೆ, ತೋರಣ, ಬೊಂಬೆಗಳಲ್ಲಿ ತ್ರಿಮೂರ್ತಿಗಳನ್ನು ಕಂಡವಳು. ದಿನವಿಡೀ ತಿರುಗಿಸಿ ಕೈ ಸವೆದ ಹೆಣ್ಣುಮಗಳೊಬ್ಬಳು ತನ್ನ ಉಪಕರಣದ ಒಂದೊಂದು ಅಂಗವನ್ನೂ ಬಲ್ಲಳಾದ್ದರಿಂದ ಮಾತ್ರ ಅಂತಹ ವಚನ ಹುಟ್ಟಲು ಸಾಧ್ಯ.

ಇಳಕಲ್ ಸೀರೆಯನ್ನು ಬಲ್ಲವರಿಗೆ ಆ ವಚನದ ಮರ್ಮ ಬೇಗ ತಿಳಿಯುತ್ತದೆ. ಉತ್ತರ ಕರ್ನಾಟಕದ ಮದುವೆ, ಸೀಮಂತ, ಜಾತ್ರೆಗಳಲ್ಲಿ ಈ ಸೀರೆಯನ್ನು ಕಾಣದವರಿಲ್ಲವಾದರೂ ಅದು ಹೇಗೆ ಆಗುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಆದ್ದರಿಂದ ಇಲ್ಲಿ ತುಸು ವಿವರವಾಗಿ ಹೇಳುವುದು ಅವಶ್ಯ.

ಬೇರೆ ಬಹಳಷ್ಟು ಸೀರೆಗಳಲ್ಲಿ ಮೈ ಮತ್ತು ಸೆರಗು ಒಂದೇ ಹಾಸಿನ ಮೇಲೆ ನೇಯಲ್ಪಡುತ್ತವೆ. ಹಾಸೆಂದರೆ ಉದ್ದಕ್ಕೆ ಕಟ್ಟಿದ ಎಳೆಗಳು, ಹೊಕ್ಕೆಂದರೆ ಲಾಳಿಯೊಡನೆ ಅಡ್ಡಕ್ಕೆ ಹಾಯುವ ಎಳೆ. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಬೇರೊಂದು ಹಾಸು. ಮೈಯ ಹಾಸು ಹತ್ತಿಯದೋ ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರಬಹುದು. ಸೆರಗಿನ ಹಾಸು ಕೆಂಪು ಬಣ್ಣದ ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿ ಹಾಕಿ ಒಂದಕ್ಕೊಂದು ಕೂಡಿಸಬೇಕು. ಈ ಕ್ರಮಕ್ಕೆ ತೋಪತೆನಿ ಎಂದು ಹೆಸರು. ಕೆಂಪಿನ ನಡುವೆ ಬಿಳಿಯ ತೆನೆಗಳು ಎದ್ದು ಕಾಣುವ ತೋಪತೆನಿ ಸೆರಗೇ ಇಳಕಲ್ಲಿನ ಗುರುತು; ಅದರ ಚಿತ್ತಾರದಲ್ಲಿ ಜೋಳದ ತೆನೆಯೂ ಬಾಚಣಿಗೆಯ ಹಲ್ಲೂ ಕೋಟೆಯ ಸಾಲೂ ಗುಡ್ಡದ ಸಾಲೂ ಉಂಟು. ದಡಿಗಳಿಗೆ ಗೋಮಿ, ಪರಾಸಪೇಟಿ, ಗಾಡಿ ಎಂಬ ಹೆಸರುಗಳು.

ಕೊಂಡಿಯ ಕಾರಣದಿಂದ ಒಂದು ವಿಶೇಷ ಕಟ್ಟಳೆ ಉಂಟಾಗುತ್ತದೆ. ಒಮ್ಮೆ ಉದ್ದನೆಯ ಹಾಸನ್ನು ಕಟ್ಟಿ ಅದರಿಂದ ಸಾಲಾಗಿ ಹತ್ತಾರು ಸೀರೆ ನೇಯುವಂತಿಲ್ಲ. ಪ್ರತಿಯೊಂದು ಸೀರೆಗೂ ಬೇರೆಯೇ ಹಾಸು ಸಿದ್ಧವಾಗಬೇಕು. ಹೀಗಾಗಿ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತವರ ಕೆಲಸ ಶುರುವಾಗುವುದಕ್ಕಿಂತ ಮೊದಲೇ ಬಹಳ ಕೆಲಸ ಆಗಿರುತ್ತದೆ. ನೂಲು ಬಿಡಿಸಬೇಕು, ಬಣ್ಣ ಅದ್ದಬೇಕು, ರಾಟೆಗೆ ಸುತ್ತಬೇಕು, ಹಾಸು ಹೂಡಬೇಕು, ಗಂಜಿ ಹಚ್ಚಬೇಕು, ಕಂಡಿಕೆ ಸುತ್ತಬೇಕು. ಇದರಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು ಮತ್ತು ಮುದುಕರದು. ಮಗ್ಗದ ಸದ್ದು ಬೀದಿಗೆ ಕೇಳುತ್ತದೆ; ಕಂಡಿಕೆ ಸುತ್ತುವ ರಾಟೆಯ ಸದ್ದು ಹೊಸ್ತಿಲು ದಾಟುವುದಿಲ್ಲ.

ಮಜೂರಿ ಬರುವುದು ಸೀರೆಗೆ ಇಷ್ಟೆಂದು. ಸಾವಕಾರನು ನೂಲು ಕೊಟ್ಟು, ಸೀರೆ ಪಡೆದು, ನೇಕಾರನ ಹೆಸರಿಗೆ ಮಜೂರಿ ಬರೆಯುವ ಪದ್ಧತಿ ಈ ಸೀಮೆಯ ನೇಕಾರಿಕೆಯಲ್ಲಿ ಬಹು ಹಳೆಯದು. ರಾಟೆ ತಿರುಗಿಸಿದವಳಿಗೆ ಬೇರೆ ಮಜೂರಿಯಿಲ್ಲ. ಅವಳ ದುಡಿಮೆ ಗಂಡನ ಮಜೂರಿಯೊಳಗೆ ಅಡಗಿಹೋಗಿರುತ್ತದೆ. ಲಕ್ಕಮ್ಮನ ಕೈಯಲ್ಲಿದ್ದ ಅಳತೆ ಈ ಮನೆಗಳಲ್ಲಿ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಇಲ್ಲಿಂದಲೇ ಏಳುತ್ತದೆ.

ಇತಿಹಾಸವನ್ನು ನೋಡಿದರೆ ಬಟ್ಟೆಯ ಕಾಯಕದಲ್ಲಿ ಮೊದಲು ಕೆಲಸ ಕಳೆದುಕೊಂಡವಳೂ ರಾಟೆಯ ಹೆಣ್ಣುಮಗಳೇ. 1854ರಲ್ಲಿ ಮುಂಬಯಿಯಲ್ಲಿ ಹತ್ತಿ ಗಿರಣಿಯ ಸ್ಥಾಪನೆಯಾಯಿತು. 1885ರಲ್ಲಿ ಘಟಪ್ರಭೆಯ ಜಲಪಾತದ ಬಳಿ ಗೋಕಾಕದಲ್ಲಿಯೇ ಗಿರಣಿ ಕಂಪನಿ ಹುಟ್ಟಿತು. ಗಿರಣಿಯ ನೂಲು ಅಗ್ಗ, ಸಮನಾದುದು, ಬೇಕೆಂದಾಗ ಸಿಗುವಂಥದು. ನೇಕಾರನಿಗೆ ಅದರಿಂದ ಅನುಕೂಲವೇ ಆಯಿತು, ಅವನ ಮಗ್ಗ ನಿಲ್ಲಲಿಲ್ಲ. ಆದರೆ ಕೈನೂಲಿಗೆ ಗಿರಾಕಿ ಇಲ್ಲವಾಯಿತು. ಕದಿರೆ ರೆಮ್ಮವ್ವೆಯ ಕಾಲದಿಂದ ಬಂದ ನೂಲುವ ಕಾಯಕ ಹಳ್ಳಿಹಳ್ಳಿಗಳಲ್ಲಿ ಸದ್ದಿಲ್ಲದೆ ಮುಗಿಯಿತು. ಕೈಮಗ್ಗದ ಅಳಿವಿನ ಬಗೆಗೆ ಬಂದಷ್ಟು ಬರಹ ರಾಟೆಯ ಅಳಿವಿನ ಬಗೆಗೆ ಬಂದಿಲ್ಲ, ಗಾಂಧೀಜಿಯವರು ಅದನ್ನು ಮತ್ತೆ ಕೈಗೆತ್ತಿಕೊಳ್ಳುವವರೆಗೂ ಆ ಹೆಂಗಸರ ನಷ್ಟ ಯಾರ ಲೆಕ್ಕಕ್ಕೂ ಸಿಗಲಿಲ್ಲ.

ನಡುವೆ 1876ರಿಂದ 1878ರವರೆಗಿನ ಮಹಾಬರ. ಇಂದಿನ ವಿಜಯಪುರ, ಬಾಗಲಕೋಟೆಗಳ ಸೀಮೆ ಆಗ ಕಲಾದಗಿ ಜಿಲ್ಲೆ. ಮುಂಬಯಿ ಪ್ರಾಂತ್ಯದಲ್ಲಿ ಬರದಿಂದ ಅತಿಯಾಗಿ ನಲುಗಿದ ಜಿಲ್ಲೆಗಳಲ್ಲಿ ಅದೂ ಒಂದು. ಬರದ ಹೊಡೆತ ನೇಕಾರನಿಗೆ ಒಕ್ಕಲಿಗನಿಗಿಂತ ಮೊದಲೇ ತಟ್ಟುತ್ತದೆ. ಮಳೆ ಹೋದ ವರ್ಷ ಮನೆಯಲ್ಲಿ ಉಳಿದ ಕಾಳನ್ನು ಜನ ಹಿಡಿದಿಟ್ಟುಕೊಳ್ಳುತ್ತಾರೆ, ಹೊಸ ಸೀರೆಯನ್ನು ಯಾರೂ ಕೊಳ್ಳುವುದಿಲ್ಲ. ಕೌಶಲ ಕೈಯಲ್ಲಿದೆ, ಮಗ್ಗ ಕುಣಿಯಲ್ಲಿದೆ, ಕೊಳ್ಳುವವರಿಲ್ಲ. ಹೀಗೆ ಸಾಲಕ್ಕೆ ಕೈಯೊಡ್ಡಿದವನು ಬರ ಹೋದ ಮೇಲೂ ಸಾಲದಿಂದ ಬಿಡಿಸಿಕೊಳ್ಳುವುದು ಕಠಿಣ. ಮುಂಗಡ ಪಡೆದ ಸಾವಕಾರನಿಗೇ ನೇಯಬೇಕು, ಅವನು ಹೇಳಿದ ಮಜೂರಿಗೇ ನೇಯಬೇಕು.

ಈ ಗಂಟನ್ನು ಬಿಚ್ಚಲು ನಮ್ಮ ನಾಡಿನಲ್ಲಿ ನಡೆದ ಮೊದಲ ಪ್ರಯತ್ನಗಳು ದೊಡ್ಡ ಪಟ್ಟಣದಲ್ಲಿ ಆಗಲಿಲ್ಲವೆಂಬುದು ಅಭಿಮಾನದ ಸಂಗತಿ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳ ಗ್ರಾಮದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದೇ ವರ್ಷದ ಆಗಸ್ಟ್ 7ರಂದು ಕಲ್ಕತ್ತೆಯಲ್ಲಿ ಸ್ವದೇಶಿ ಚಳವಳಿಯ ಘೋಷಣೆಯಾಯಿತು. ಕಲ್ಕತ್ತೆಯವರು ವಿದೇಶಿ ಬಟ್ಟೆಯನ್ನು ಬಿಡಬೇಕೆಂದರು. ಕಣಗಿನಹಾಳದವರು ಬಡ್ಡಿಯ ಬಾಯಿಂದ ಒಕ್ಕಲಿಗನನ್ನು ಬಿಡಿಸಬೇಕೆಂದರು. ಎರಡೂ ಬೇಕಾದ ಮಾತೇ. 1912ರಲ್ಲಿ ಬಂದ ಎರಡನೆಯ ಕಾಯ್ದೆ ಸಾಲ ಕೊಡುವ ಸಂಘಗಳಷ್ಟೇ ಅಲ್ಲದೆ ಕಚ್ಚಾ ಸಾಮಗ್ರಿ ಕೊಳ್ಳುವ, ಸರಕು ಮಾರುವ ಸಂಘಗಳಿಗೂ ಅವಕಾಶ ನೀಡಿತು. ನೇಕಾರರ ಸಹಕಾರ ಸಂಘಗಳಿಗೆ ದಾರಿಯಾದುದು ಅಲ್ಲಿಂದ.

ಆ 1912ನೆಯ ವರ್ಷದಲ್ಲೇ ಬಿಜಾಪುರದಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರು ಫ. ಗು. ಹಳಕಟ್ಟಿಯವರು. ಭಕ್ತರು ಹಳಕಟ್ಟಿಯವರನ್ನು ವಚನ ಪಿತಾಮಹರೆಂದು ಪೂಜಿಸುತ್ತಾರೆ. ಊರೂರು ಅಲೆದು ತಾಳೆಗರಿಗಳನ್ನು ಕೂಡಿಸಿದುದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದುದು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದುದು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದುದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದುದು, ಇವೆಲ್ಲ ಪ್ರತಿ ಜಯಂತಿಯಂದು ಹೇಳಲ್ಪಡುತ್ತವೆ. ಬ್ಯಾಂಕಿನ ಮಾತು ಒಂದು ಸಾಲಿನಲ್ಲಿ ಹೋಗಿಬಿಡುತ್ತದೆ. ಆದರೆ ಕಾಲಕ್ರಮವನ್ನು ಗಮನಿಸಬೇಕು. 1910ರಲ್ಲಿ ವಿದ್ಯಾಸಂಸ್ಥೆ, 1912ರಲ್ಲಿ ಬ್ಯಾಂಕು, 1923ರಲ್ಲಿ ವಚನಶಾಸ್ತ್ರಸಾರ. ವಚನಗಳನ್ನು ಅಚ್ಚು ಮಾಡುವುದಕ್ಕೆ ಹತ್ತು ವರ್ಷ ಮೊದಲೇ ಅವರು ಕಡಿಮೆ ಬಡ್ಡಿಯ ಸಾಲದ ವ್ಯವಸ್ಥೆ ಮಾಡಿದರು. ಓದು, ಸಾಲ, ವಚನ ಈ ಮೂರನ್ನೂ ಒಂದೇ ಕೆಲಸವೆಂದು ಬಗೆದ ವಕೀಲರು ಅವರು. ಲಕ್ಕಮ್ಮನ ವಚನವನ್ನು ಆಧುನಿಕ ಕಾಲದಲ್ಲಿ ಪೂರ್ತಿಯಾಗಿ ಓದಿದವರು ಯಾರಾದರೂ ಇದ್ದರೆ ಅವರಲ್ಲಿ ಹಳಕಟ್ಟಿಯವರ ಹೆಸರು ಮೊದಲು ಬರಬೇಕು.

1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದ ಹರ್ಡೇಕರ ಮಂಜಪ್ಪನವರೂ ಮುಂದೆ ಆಲಮಟ್ಟಿಯಲ್ಲಿ ಆಶ್ರಮ ಕಟ್ಟಿ, ಖಾದಿಯನ್ನೂ ಸ್ವಾವಲಂಬನೆಯನ್ನೂ ಶರಣ ಧರ್ಮದೊಡನೆ ಸೇರಿಸಿ ಬೋಧಿಸಿದರು.

ಸ್ವಾತಂತ್ರ್ಯಾನಂತರದ ಕಥೆಯನ್ನು ಬೇಗನೆ ಹೇಳಬಹುದು. ಯಂತ್ರಮಗ್ಗಗಳು ಬಂದವು. ಇದೇ ಜಿಲ್ಲೆಯ ರಬಕವಿ-ಬನಹಟ್ಟಿಯಲ್ಲಿ ಅವು ಬೇರೂರಿದವು. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ, ಕಮತಗಿ ಸೂಳೇಭಾವಿಗಳ ಮಗ್ಗಗಳು ಕೈಯಿಂದಲೇ ನಡೆಯುತ್ತಿದ್ದರೂ ಸ್ಪರ್ಧೆ ತಪ್ಪಲಿಲ್ಲ. ಸಹಕಾರ ಸಂಘದ ಹೊರಗೆ ಉಳಿದ ನೇಕಾರರಿಗಾಗಿ 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ಅದು ನೂಲು ಕೊಟ್ಟು ನೇಯ್ಗೆಯ ಮಜೂರಿ ಕೊಡುವ ವ್ಯವಸ್ಥೆ. ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆಯೂ ನಿಗಮದ ಮಗ್ಗಗಳಿಗೆ ಬಂತು. ಅದರಿಂದ ಒಲೆ ಹೊತ್ತಿದ ಮನೆಗಳು ಬಹಳ. ಆದರೆ ತೋಪತೆನಿ ಬಲ್ಲ ಕೈ ಸಾದಾ ಬಟ್ಟೆಯನ್ನು ವರ್ಷಗಟ್ಟಲೆ ನೇಯ್ದರೆ ಮುಂದಿನ ಪೀಳಿಗೆಗೆ ತೋಪತೆನಿ ಕಲಿಸುವವರು ಯಾರು? 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಸೀರೆ ಮೊದಲಾದ ವಸ್ತ್ರಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ಮಾಡಿತು, ಅದನ್ನು 1993ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಕಾಯ್ದೆ ಗೆದ್ದರೂ ಅಂಗಡಿಯಲ್ಲಿ ಯಂತ್ರಮಗ್ಗದ ನಕಲು ಸೀರೆ ಇಳಕಲ್ಲಿನ ಹೆಸರಿನಲ್ಲೇ ಮಾರಾಟವಾಯಿತು. ಇಲ್ಲಿ ಒಂದು ಮಾತು. ಯಂತ್ರಮಗ್ಗದ ಮುಂದೆ ರಾತ್ರಿಪಾಳಿ ನಿಲ್ಲುವವನೂ ಕಾಯಕಜೀವಿಯೇ, ಅವನ ಮೇಲೆ ಸಿಟ್ಟು ಸಲ್ಲದು. ಒಂದರ ಹೆಸರು ಹೇಳಿ ಇನ್ನೊಂದನ್ನು ಮಾರುವುದು ಮಾತ್ರ ಶರಣರ ಸತ್ಯಶುದ್ಧ ಕಾಯಕಕ್ಕೆ ಹೊರತಾದುದು.

1975ನೆಯ ವರ್ಷ ಇಳಕಲ್ಲಿಗೆ ಮತ್ತೊಂದು ಕಾರಣಕ್ಕಾಗಿಯೂ ಸ್ಮರಣೀಯ. ಚಿತ್ತರಗಿ-ಇಳಕಲ್ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಸ್ವಾಮಿಗಳು ಆ ವರ್ಷ ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿದರು. ಜಂಗಮನ ಜೋಳಿಗೆ ಕಾಳು ಬೇಡುವುದು ವಾಡಿಕೆ. ಈ ಜೋಳಿಗೆ ಜನರ ದುಶ್ಚಟಗಳನ್ನು ಬೇಡಿತು. ಓಣಿ ಓಣಿಗೆ ಹೋಗಿ ಕುಡಿತ, ತಂಬಾಕು, ಜೂಜುಗಳನ್ನು ಭಿಕ್ಷೆಯಾಗಿ ಕೇಳಿದರು. ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು; ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಈ ಜೋಳಿಗೆಯನ್ನು ನೀತಿಬೋಧೆಯೆಂದು ಮಾತ್ರ ತಿಳಿದರೆ ಅದರ ಅರ್ಥ ಕುಗ್ಗುತ್ತದೆ. ವಾರದ ಮಜೂರಿ ಕೈಗೆ ಬಂದ ಸಂಜೆ ಅದು ಮನೆ ತಲುಪುತ್ತದೋ ಸೆರೆಯಂಗಡಿ ತಲುಪುತ್ತದೋ ಎಂಬುದು ರಾಟೆ ತಿರುಗಿಸಿದವಳ ಪಾಲಿಗೆ ಜೀವನ್ಮರಣದ ಪ್ರಶ್ನೆ. ಆ ಹಣದಲ್ಲಿ ಅವಳ ದುಡಿಮೆಯೂ ಇದೆ, ಆದರೆ ಹಣ ಅವಳ ಕೈ ಮುಟ್ಟಿಲ್ಲ. ಜೋಳಿಗೆಗೆ ಬಿದ್ದ ಒಂದೊಂದು ಕುಡಿತವೂ ಅವಳ ಮುಚ್ಚಿಹೋದ ಮಜೂರಿಯನ್ನು ಅವಳಿಗೆ ಮರಳಿಸಿತು. ನಿಗಮವೊಂದು ದುಡಿಮೆಯನ್ನು ತಂದ ವರ್ಷದಲ್ಲೇ ಮಠವೊಂದು ದುಡಿಮೆಯ ಫಲವನ್ನು ಮನೆಯೊಳಗೆ ಉಳಿಸಲು ಹೊರಟಿತೆಂಬುದು ಯೋಗಾಯೋಗ. ಲಕ್ಕಮ್ಮನು ಹೆಚ್ಚಾದುದನ್ನು ಹೊರಗೆ ಕಳುಹಿದಳು. ಇಲ್ಲಿ ಸಲ್ಲತಕ್ಕುದು ಒಳಗೆ ಬರಲಿಲ್ಲ. ಅಳತೆ ಎರಡು ಕಡೆಗೂ ತಪ್ಪಬಹುದು.

ದೇಶದ ಅಂಕಿಗಳನ್ನು ನೋಡಿದರೆ ಇಳಕಲ್ ಒಂಟಿಯಲ್ಲವೆಂಬುದು ತಿಳಿಯುತ್ತದೆ. 1995-96ರ ಕೈಮಗ್ಗ ಗಣತಿಯಲ್ಲಿ 65 ಲಕ್ಷಕ್ಕೂ ಹೆಚ್ಚು ಜನ ಈ ಕಾಯಕದಲ್ಲಿದ್ದರು. 2009-10ರಲ್ಲಿ ಅದು 43 ಲಕ್ಷಕ್ಕೆ ಇಳಿಯಿತು. 2019-20ರ ನಾಲ್ಕನೆಯ ಗಣತಿಯಲ್ಲಿ 35 ಲಕ್ಷ. ಆ 35 ಲಕ್ಷದಲ್ಲಿ ಹೆಂಗಸರು ನೂರಕ್ಕೆ 72. ಎಂಟು ಲಕ್ಷಕ್ಕೂ ಹೆಚ್ಚು ಮಂದಿ ನೇಯುವವರಲ್ಲ. ನೂಲು ಸುತ್ತುವ, ಹಾಸು ಹೂಡುವ, ಬಣ್ಣ ಹಾಕುವ ಪೂರಕ ಕೆಲಸದವರು. ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ ಆದಾಯದವು. ಗಣತಿಯವರು ಮನೆಬಾಗಿಲಿಗೆ ಬಂದು ರಾಟೆಯವಳನ್ನು ಎಣಿಸಿಕೊಂಡು ಹೋದರು. ಮಜೂರಿಯ ಪುಸ್ತಕ ಅವಳನ್ನು ಇನ್ನೂ ಎಣಿಸಿಲ್ಲ.

2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. 2020ರ ಜುಲೈ ಕೊನೆಯಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿ ರದ್ದಾಯಿತು, ಕೆಲವೇ ದಿನಗಳಲ್ಲಿ ಆ ವರ್ಷದ ಕೈಮಗ್ಗ ದಿನವೂ ಬಂತು. ಅದೇ ವರ್ಷ ಕರ್ನಾಟಕ ಸರ್ಕಾರ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ನೇರವಾಗಿ ಕೊಡಲು ನಿರ್ಧರಿಸಿತು. ಕಷ್ಟಕಾಲದಲ್ಲಿ ಬಂದ ನೆರವನ್ನು ಹೀಗಳೆಯಬಾರದು. ಆದರೂ ನೆರವು ಬೇರೆ, ಬೆಲೆ ಬೇರೆ.

ಇಳಕಲ್ಲಿನ ಯುವಕರಿಗೆ ಮಗ್ಗದ ಹೊರಗೆ ಇದ್ದ ಇನ್ನೊಂದು ದಾರಿ ಕಲ್ಲು. ಇಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋದ ಕಲ್ಲು. ಗಣಿ ಊರಿಗೆ ಹಣ ತಂದಿತು. ಆದರೆ ಕಲ್ಲಿನ ಸಂಪತ್ತು ಕೆಲವರ ಕೈಯಲ್ಲಿ ಬೇಗ ಬೆಳೆಯುತ್ತದೆ, ಯಂತ್ರ ದೊಡ್ಡದಾದಷ್ಟೂ ಆಳುಗಳ ಸಂಖ್ಯೆ ಕಿರಿದಾಗುತ್ತದೆ. ತೆಗೆದ ಕಲ್ಲು ಮತ್ತೆ ಬೆಳೆಯುವುದಿಲ್ಲ. ಮಗ್ಗದ ಗಳಿಕೆ ಚಿಕ್ಕದು, ಆದರೆ ಒಂದು ಸೀರೆಯ ಹಿಂದೆ ಬಣ್ಣದವರು, ಹಾಸಿನವರು, ರಾಟೆಯವರು, ನೇಯುವವರು, ಮೇಲೆ ಕಸೂತಿ ಹಾಕುವವರು ಎಂದು ಎಷ್ಟೋ ಮನೆಗಳು ನಿಂತಿರುತ್ತವೆ. ಎರಡರಲ್ಲಿ ಯಾವುದು ಊರನ್ನು ಹೆಚ್ಚು ಹೊರುತ್ತದೆ ಎಂಬುದನ್ನು ಒಟ್ಟು ಹಣದ ಮೊತ್ತದಿಂದ ಮಾತ್ರ ತೀರ್ಮಾನಿಸಲಾಗದು.

ಮಗ್ಗದ ಮಕ್ಕಳು ಮಗ್ಗಕ್ಕೆ ಬರುತ್ತಿಲ್ಲವೆಂದು ಹಿರಿಯರು ಕೊರಗುವುದನ್ನು ಜಾತ್ರೆಯ ಕಟ್ಟೆಗಳಲ್ಲಿ ಕೇಳಬಹುದು. ಹೊಸ ತಲೆಮಾರು ಸೋಮಾರಿಯಾಯಿತೆಂದು ಗದರುವುದು ಸುಲಭ. ಆದರೆ ವರ್ಷಗಟ್ಟಲೆ ಕಲಿತ ಕೈಗೆ ಗಾರೆ ಕೆಲಸದವನ ದಿನಗೂಲಿಯೂ ಹುಟ್ಟದಿದ್ದರೆ, ಕುಣಿಯಿಂದ ಎದ್ದು ಹೋಗುವ ಹುಡುಗನದು ಸೋಮಾರಿತನವಲ್ಲ, ಲೆಕ್ಕ. ತರಬೇತಿಯ ಪ್ರಮಾಣಪತ್ರಗಳಿಂದ ಈ ಲೆಕ್ಕ ಬದಲಾಗದು. ಇಳಕಲ್ಲಿನಲ್ಲಿ ಕಡಿಮೆಯಾದುದು ಕೌಶಲವಲ್ಲ, ಕೌಶಲಕ್ಕೆ ಸಲ್ಲಬೇಕಾದುದು. ಭೌಗೋಳಿಕ ಸೂಚಕದ ಮಾನ್ಯತೆ ಇಳಕಲ್ ಸೀರೆಗೆ ದೊರೆತಿದೆ. ಹೆಸರನ್ನು ಕಾಯುವ ಹಕ್ಕು ಅದರಿಂದ ಬಂತು. ಹೆಸರಿನ ಬೆಲೆ ಕುಣಿಮಗ್ಗದವರೆಗೆ ಇಳಿದು ಬರುವುದು ಸಂಘಟನೆಯ ಕೆಲಸ, ಕಣಗಿನಹಾಳದಲ್ಲಿಯೂ ಬಿಜಾಪುರದಲ್ಲಿಯೂ ನೂರು ವರ್ಷಗಳ ಹಿಂದೆ ಕೈಗೆತ್ತಿಕೊಂಡ ಕೆಲಸ ಅದೇ.

ಈ ಮಾತು ಮಠಗಳಿಗೂ ಹೊರತಲ್ಲ. ಶರಣರ ಉತ್ಸವಗಳಲ್ಲಿ ಕಾಯಕದ ಮಹಿಮೆಯನ್ನು ಕುರಿತು ಗಂಟೆಗಟ್ಟಲೆ ಉಪನ್ಯಾಸವಾಗುತ್ತದೆ. ಕೊನೆಯಲ್ಲಿ ಗಣ್ಯರಿಗೆ ಶಾಲು ಹೊದಿಸಿ ಸತ್ಕರಿಸುತ್ತಾರೆ. ಆ ಶಾಲು ಎಲ್ಲಿಯ ಯಂತ್ರಮಗ್ಗದಿಂದ ಬಂತು, ನೇಯ್ದವನಿಗೆ ಏನು ಸಿಕ್ಕಿತು ಎಂದು ವೇದಿಕೆಯ ಮೇಲೆ ಕುಳಿತವರು ಕೇಳುವುದಿಲ್ಲ, ಕೆಳಗೆ ಕುಳಿತ ಭಕ್ತರೂ ಕೇಳುವುದಿಲ್ಲ. ನುಲಿಯ ಚಂದಯ್ಯನ ಪ್ರಸಂಗ ಇಲ್ಲಿ ನೆನಪಾಗುತ್ತದೆ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಲಿಂಗ ತಾನಾಗಿಯೇ ಹಿಂಬಾಲಿಸಿ ಬಂದರೂ ಚಂದಯ್ಯ ಸುಲಭವಾಗಿ ಒಪ್ಪಲಿಲ್ಲ. ಮಡಿವಾಳ ಮಾಚಯ್ಯನ ಮಧ್ಯಸ್ಥಿಕೆಯಲ್ಲಿ ಲಿಂಗವೇ ಹಗ್ಗ ಮಾರುವ ಕಾಯಕಕ್ಕೆ ಹೊರಟಿತೆಂದು ಕಥೆ. ಲಿಂಗಕ್ಕೂ ರಿಯಾಯಿತಿ ಕೊಡದ ಪರಂಪರೆ ಇದು.

ಮದುವೆಗೆ, ಹಬ್ಬಕ್ಕೆ ಇಳಕಲ್ ಸೀರೆ ಕೊಳ್ಳುವ ತಾಯಂದಿರು ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ, ಕೆಂಪು ಸೆರಗು ಮೈಯನ್ನು ಕೂಡುವ ಜಾಗವನ್ನು ನೋಡಬೇಕು. ಕೈಮಗ್ಗದ್ದಾದರೆ ಅಲ್ಲಿ ಎಳೆಗೆ ಎಳೆ ಕೂಡಿಸಿದ ಕೊಂಡಿಗಳ ಸಾಲು ಕಾಣುತ್ತದೆ. ಒಂದೇ ಹಾಸಿನಲ್ಲಿ ತೆಗೆದ ನಕಲಿನಲ್ಲಿ ಆ ಸಾಲು ಇರುವುದಿಲ್ಲ. ಬೆಲೆ ಹೆಚ್ಚಾಯಿತೆಂದು ಚೌಕಾಸಿಗೆ ತೊಡಗುವ ಮುನ್ನ ಆ ಕೊಂಡಿಗಳನ್ನೊಮ್ಮೆ ಎಣಿಸಲು ಯತ್ನಿಸಿದರೆ, ಎಷ್ಟು ಸಲ್ಲಬೇಕೆಂಬ ಲಕ್ಕಮ್ಮನ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ.